ಹಳೆಯ ಯೆಜ್ಡಿ ರೋಡ್‌ಕಿಂಗ್: ದೋಷ ಹುಡುಕುವ ಮತ್ತು ಗಾಡಿ ಉಳಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಮೈಸೂರಿನಲ್ಲಿ ಹಳೆಯ ರೋಡ್‌ಕಿಂಗ್ ಬೈಕ್ ಕೈಕೊಟ್ಟಿತೆಂದರೆ ಮಾಲೀಕರು ಮೊದಲು ಬೈಯುವುದು ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರನ್ನು. ಅದು ಎಂಜಿನ್ನಿನ ಹೊರಗೆ ಕಣ್ಣಿಗೆ ಬೀಳುವಂತೆ ಕುಳಿತಿರುತ್ತದೆ, ಮೈಮೇಲೆ ತಿರುಗಿಸಲು ಸ್ಕ್ರೂಗಳಿರುತ್ತವೆ, ಹೋಗಿ ಬರುವವರೆಲ್ಲ ಒಂದೊಂದು ಸುತ್ತು ತಿರುಗಿಸಿ ಹೋಗುತ್ತಾರೆ. ನಿಜವಾದ ದೋಷ ಹೆಚ್ಚಿನ ಸಲ ಬೇರೆಡೆ ಅಡಗಿರುತ್ತದೆ: ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ದಂಡದ) ಸವೆದ ಸೀಲಿನಲ್ಲಿ, ಕಿಡಿ ಹಾರಿಸಲು ತೆರೆದು ಮುಚ್ಚುವ ಸುಟ್ಟ ಪಾಯಿಂಟಿನಲ್ಲಿ, ಹೊಸ ಬಣ್ಣದ ಕೆಳಗೆ ಹೂತುಹೋದ, ವಿದ್ಯುತ್ತು ಬ್ಯಾಟರಿಗೆ ಮರಳುವ ಅರ್ಥಿಂಗ್‌ನಲ್ಲಿ. ಆದ್ದರಿಂದ ಇಲ್ಲಿ ಪರೀಕ್ಷೆಯ ಕ್ರಮ ಹೀಗಿದೆ: ಮೊದಲು ಕಿಡಿ, ಆಮೇಲೆ ಗಾಳಿ ಸೋರಿಕೆ, ನಂತರ ಪೆಟ್ರೋಲ್, ಅದೂ ಆದ ಮೇಲೆ ಕಾರ್ಬೊರೇಟರ್. ಈ ಕ್ರಮ ತಪ್ಪಿಸಿದರೆ ಒಂದು ದೋಷದ ಮೇಲೆ ಇನ್ನೊಂದನ್ನು ಹೇರಿದಂತಾಗುತ್ತದೆ. ಆಮೇಲೆ ಎಷ್ಟೇ ನುರಿತ ಮೆಕ್ಯಾನಿಕ್ ಬಂದರೂ ಮೊದಲ ದೋಷ ಯಾವುದೆಂದು ಹೇಳಲಾರ.

ಗಾಡಿಯ ಹಿನ್ನೆಲೆ ಸ್ವಲ್ಪ ತಿಳಿದಿರಲಿ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಝೆಕೊಸ್ಲೊವಾಕಿಯಾದ ಜಾವಾ ಪರವಾನಗಿಯೊಂದಿಗೆ 1961ರಲ್ಲಿ ಬೈಕ್ ತಯಾರಿಸತೊಡಗಿತು. 1973ರಿಂದ ಟ್ಯಾಂಕಿನ ಮೇಲೆ ಯೆಜ್ಡಿ ಎಂಬ ಹೆಸರು ಬಂತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಎಂದರೆ ಅತಿ ಕಿರಿಯ ರೋಡ್‌ಕಿಂಗ್‌ಗೂ ಈಗ ಮೂರು ದಶಕದ ಆಸುಪಾಸಿನ ವಯಸ್ಸು. ಎರಡು ಸ್ಟ್ರೋಕಿನ ಎಂಜಿನ್, 65 ಮಿ.ಮೀ. ಬೋರ್ (ಸಿಲಿಂಡರಿನ ಒಳ ಅಗಲ), 75 ಮಿ.ಮೀ. ಸ್ಟ್ರೋಕ್ (ಪಿಸ್ಟನ್ನಿನ ಓಟ), ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, 16 ಅಶ್ವಶಕ್ತಿ. ಅಂದಿನ ರಸ್ತೆಗಳಲ್ಲಿ ಇದು ಕ್ರೀಡಾ ವಾಹನವೇ ಆಗಿತ್ತು. 2022ರಲ್ಲಿ ಯೆಜ್ಡಿ ಹೆಸರಿನಲ್ಲಿ ಮತ್ತೆ ಬಂದ ಹೊಸ ಬೈಕುಗಳದ್ದು ನಾಲ್ಕು ಸ್ಟ್ರೋಕಿನ ಎಂಜಿನ್. ಇಲ್ಲಿ ಹೇಳುವ ಯಾವುದನ್ನೂ ಅವುಗಳ ಮೇಲೆ ಪ್ರಯೋಗಿಸಬೇಡಿ.

ಕೈ ಹಾಕುವ ಮೊದಲು

ಬೇಕಾಗುವ ಉಪಕರಣಗಳು ಹೆಚ್ಚೇನಿಲ್ಲ. ಒಳ್ಳೆಯ ಸ್ಪ್ಯಾನರ್ ಸೆಟ್, ಸ್ಪಾರ್ಕ್ ಪ್ಲಗ್ ಸ್ಪ್ಯಾನರ್, ಫೀಲರ್ ಗೇಜ್ (ಸಣ್ಣ ಅಂತರ ಅಳೆಯುವ ತೆಳು ಪಟ್ಟಿಗಳು), ಮಲ್ಟಿಮೀಟರ್, ಮ್ಯಾಗ್ನೆಟ್ (ಕ್ರ್ಯಾಂಕಿನ ತುದಿಯಲ್ಲಿ ತಿರುಗಿ ವಿದ್ಯುತ್ ಹುಟ್ಟಿಸುವ ಚಕ್ರ) ಕಳಚುವ ಪುಲ್ಲರ್, ನುಣುಪಾದ ಎಮರಿ ಕಾಗದ, ಒಂದು ನೋಟ್‌ಪುಸ್ತಕ. ಕೊನೆಯದು ಅಲಂಕಾರಕ್ಕಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಏನು ಮಾಡಿದಿರಿ, ಗಾಡಿ ಹೇಗೆ ಓಡಿತು ಎಂದು ಬರೆದಿಡಿ. ಪ್ಲಗ್, ಪಾಯಿಂಟ್, ಜೆಟ್ (ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ತಿರುಪು) ಮೂರನ್ನೂ ಒಂದೇ ಮಧ್ಯಾಹ್ನ ಬದಲಿಸಿದರೆ ಗಾಡಿ ಸರಿಹೋದರೂ ಯಾಕೆ ಸರಿಹೋಯಿತೆಂದು ತಿಳಿಯುವುದಿಲ್ಲ.

ಪುಲ್ಲರ್ ಇಲ್ಲದೆ ಸುತ್ತಿಗೆ ಮತ್ತು ಉಳಿಯಿಂದ ಮ್ಯಾಗ್ನೆಟ್ ಎಬ್ಬಿಸುವವರ ಕೈಗೆ ಗಾಡಿ ಕೊಡಬೇಡಿ. ಕ್ರ್ಯಾಂಕಿನ ತುದಿಗೆ ಬಿದ್ದ ಒಂದೇ ಪೆಟ್ಟು ಅದನ್ನು ಓರೆ ಮಾಡಬಲ್ಲದು. ನೇರಗೊಳಿಸಲು ಎಂಜಿನ್ ಪೂರ್ತಿ ಬಿಚ್ಚಬೇಕಾಗುತ್ತದೆ.

ಹಂತ 1: ಪ್ಲಗ್ ಓದುವುದು

ಗಾಡಿಯನ್ನು ಕೆಲವು ಕಿಲೋಮೀಟರ್ ಸ್ಥಿರ ವೇಗದಲ್ಲಿ ಓಡಿಸಿ, ಸುರಕ್ಷಿತವಾದ ಜಾಗದಲ್ಲಿ ಕ್ಲಚ್ ಹಿಡಿದು ಆ ಕ್ಷಣವೇ ಎಂಜಿನ್ ಆರಿಸಿ ನಿಲ್ಲಿಸಿ. ನಿಂತ ಮೇಲೆ ಆಕ್ಸಲರೇಟರ್ ಮುಟ್ಟದೆ ಐದು ನಿಮಿಷ ಐಡಲ್‌ನಲ್ಲಿ ಬಿಟ್ಟರೆ ಪ್ಲಗ್ ಹೇಳುವುದು ಐಡಲ್‌ನ ಕಥೆಯನ್ನು ಮಾತ್ರ. ಪ್ಲಗ್ ಬಿಚ್ಚಿ ಅದರ ಪಿಂಗಾಣಿಯ ಬಣ್ಣ ನೋಡಿ.

ಹಾಲು ಬೆರೆತ ಕಾಫಿಯ ಬಣ್ಣವಿದ್ದರೆ ಒಳಗಿನ ವ್ಯವಹಾರ ಸರಿಯಾಗಿದೆ. ಬಿಳಿಚಿಕೊಂಡು ಒಣಗಿದ್ದರೆ ಪೆಟ್ರೋಲ್ ಕಡಿಮೆ ಅಥವಾ ಗಾಳಿ ಹೆಚ್ಚು. ಈ ಸ್ಥಿತಿಯಲ್ಲಿ ಗಾಡಿಯನ್ನು ಜೋರಾಗಿ ಓಡಿಸಬೇಡಿ, ಪಿಸ್ಟನ್ ಬಿಸಿಗೆ ಉಬ್ಬಿ ಸಿಲಿಂಡರಿನಲ್ಲಿ ಹಿಡಿದುಕೊಳ್ಳುವುದು ಇಂಥ ಹೊತ್ತಿನಲ್ಲೇ. ಕಪ್ಪಗೆ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು ಅಥವಾ ಕಿಡಿ ದುರ್ಬಲ. ಕಪ್ಪಗಿದ್ದು ಜಿಡ್ಡಾಗಿ ಒದ್ದೆಯೂ ಆಗಿದ್ದರೆ, ಸೀದ ಗೇರ್ ಆಯಿಲಿನ ವಾಸನೆ ಬಂದರೆ, ನೇರವಾಗಿ ಹಂತ 4ಕ್ಕೆ ಹೋಗಿ.

ಪ್ಲಗ್ ಅಂತರ 0.5ರಿಂದ 0.6 ಮಿ.ಮೀ. ಇರಲಿ. ಎಷ್ಟೇ ಉಜ್ಜಿದರೂ ಒಮ್ಮೆ ಆಯಿಲ್ ಕುಡಿದ ಪ್ಲಗ್ ಒತ್ತಡದಲ್ಲಿ ಮತ್ತೆ ಕೈಕೊಡುತ್ತದೆ, ಎಸೆದುಬಿಡಿ.

ಹಂತ 2: ಕಿಡಿ ಮತ್ತು ಅರ್ಥಿಂಗ್

ಹಳೆಯ ಗಾಡಿಗಳಲ್ಲಿ 6 ವೋಲ್ಟಿನ ವಿದ್ಯುತ್ ವ್ಯವಸ್ಥೆ ಮತ್ತು ಪಾಯಿಂಟ್ ಇರುತ್ತವೆ, ಕೊನೆಯ ವರ್ಷಗಳ ಗಾಡಿಗಳಲ್ಲಿ 12 ವೋಲ್ಟ್ ಮತ್ತು ಸಿಡಿಐ (ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಆಗಿ ಕಿಡಿ ಕೊಡಿಸುವ ಪೆಟ್ಟಿಗೆ). ನಿಮ್ಮದು ಯಾವುದೆಂದು ಮೊದಲು ಖಚಿತಪಡಿಸಿಕೊಳ್ಳಿ. ಕೈಯಿಂದ ಕೈಗೆ ಬಂದ ಗಾಡಿಗಳಲ್ಲಿ ಎರಡರ ಕಲಬೆರಕೆಯೂ ಸಿಗುತ್ತದೆ.

ಬಿಚ್ಚಿದ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಪ್ಲಗ್ ತೂತಿನಿಂದ ದೂರದಲ್ಲಿ ಹೆಡ್ಡಿಗೆ ತಾಗಿಸಿ ಕಿಕ್ ಹೊಡೆಯಿರಿ. ತೂತಿನಿಂದ ಪೆಟ್ರೋಲ್ ಆವಿ ಹೊರಬರುತ್ತದೆ, ಹತ್ತಿರ ಹಿಡಿದರೆ ಬೆಂಕಿ ಹತ್ತಬಹುದು. ಚಟ್ ಎಂದು ಸದ್ದು ಮಾಡುವ ನೀಲಿ ಕಿಡಿ ಬೇಕು. ತೆಳ್ಳಗಿನ ಹಳದಿ ಕಿಡಿ ಬಂದರೆ ಈ ಕ್ರಮದಲ್ಲಿ ಹುಡುಕಿ.

ಮೊದಲು ಬ್ಯಾಟರಿ. ಪಾಯಿಂಟ್ ಗಾಡಿಯಲ್ಲಿ ಬ್ಯಾಟರಿ ಸೊರಗಿದರೆ ಕಿಡಿಯೂ ಸೊರಗುತ್ತದೆ. ಎಂಜಿನ್ ವೇಗದಲ್ಲಿ ಓಡುತ್ತಿರುವಾಗ 6 ವೋಲ್ಟಿನ ಬ್ಯಾಟರಿಯ ತುದಿಗಳಲ್ಲಿ 7 ವೋಲ್ಟಿನ ಆಸುಪಾಸು, 12 ವೋಲ್ಟಿನದರಲ್ಲಿ 14ರ ಆಸುಪಾಸು ತೋರಿಸಬೇಕು.

ಆಮೇಲೆ ಅರ್ಥಿಂಗ್. ಮಲ್ಟಿಮೀಟರಿನ ಒಂದು ತಂತಿಯನ್ನು ಬ್ಯಾಟರಿಯ ಅರ್ಥ್ ತುದಿಗೆ, ಇನ್ನೊಂದನ್ನು ಎಂಜಿನ್ನಿನ ಹೆಡ್ಡಿಗೆ ಒತ್ತಿ, ಲೈಟ್ ಹಾಕಿ ನೋಡಿ. 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥಿಂಗ್ ಕೆಟ್ಟಿದೆ. ಚೆಂದಗೆ ಜೀರ್ಣೋದ್ಧಾರ ಮಾಡಿಸಿದ ಗಾಡಿಗಳೇ ಈ ರೋಗಕ್ಕೆ ಹೆಚ್ಚು ತುತ್ತಾಗುತ್ತವೆ. ಫ್ರೇಮಿಗೆ ಪೌಡರ್ ಕೋಟಿಂಗ್ ಮಾಡಿದವರು ಅರ್ಥ್ ಬೋಲ್ಟ್ ಕೂರುವ ಜಾಗವನ್ನೂ ಮುಚ್ಚಿಬಿಟ್ಟಿರುತ್ತಾರೆ. ಬಣ್ಣ ಹೋಗುತ್ತದೆಂದು ಮರುಗದೆ ಆ ಜಾಗವನ್ನು ಲೋಹ ಹೊಳೆಯುವವರೆಗೆ ಕೆರೆದು, ಬ್ಯಾಟರಿಯಿಂದ ಎಂಜಿನ್ನಿಗೆ ನೇರವಾಗಿ ಒಂದು ದಪ್ಪ ತಂತಿ ಎಳೆಯಿರಿ. 6 ವೋಲ್ಟಿನ ಗಾಡಿಯ ಮಂಕು ಹೆಡ್‌ಲೈಟ್ ಬಗ್ಗೆ ದೂರುವವರು ಈ ತಂತಿ ಹಾಕಿದ ಮೇಲೆ ಮಾತಾಡಲಿ.

ಮೂರನೆಯದು ಪಾಯಿಂಟ್. ತೆರೆದಾಗಿನ ಅಂತರ ಸುಮಾರು 0.4 ಮಿ.ಮೀ. ಇರಬೇಕು. ಮುಖದಲ್ಲಿ ಗುಳಿ, ಎದುರು ಮುಖದಲ್ಲಿ ಗುಬುಟು ಎದ್ದಿದ್ದರೆ ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್ ಮೇಲೆ ಅನುಮಾನ ಪಡಿ. ನುಣುಪಾದ ಎಮರಿ ಕಾಗದದಿಂದ ಉಜ್ಜಿದ ಮೇಲೆ ಒಣ ರಟ್ಟಿನ ಚೂರನ್ನು ನಡುವೆ ಎಳೆದು ಪುಡಿ ತೆಗೆಯಿರಿ, ಇಲ್ಲದಿದ್ದರೆ ಆ ಪುಡಿಯೇ ಕಿಡಿ ನುಂಗುತ್ತದೆ. ಅಂತರ ಸರಿಮಾಡಿದ ಮೇಲೆಯೇ ಟೈಮಿಂಗ್ (ಕಿಡಿ ಹಾರುವ ಕ್ಷಣ) ನೋಡಬೇಕು, ಏಕೆಂದರೆ ಅಂತರ ಬದಲಾದರೆ ಟೈಮಿಂಗ್ ಕೂಡ ಬದಲಾಗುತ್ತದೆ. ಪ್ಲಗ್ ತೂತಿನಿಂದ ಪಿಸ್ಟನ್ ಎತ್ತರ ಅಳೆದು, ನಿಮ್ಮ ಮಾದರಿಯ ಕೈಪಿಡಿ ಹೇಳುವ ಅಳತೆಯಲ್ಲಿ ಪಾಯಿಂಟ್ ತೆರೆಯುತ್ತದೆಯೇ ಎಂದು ಸಣ್ಣ ಬಲ್ಬ್ ಕಟ್ಟಿ ಪರೀಕ್ಷಿಸಿ. ಕಿವಿಯಿಂದ ಟೈಮಿಂಗ್ ಇಡುತ್ತೇನೆ ಎನ್ನುವವರು ಇದ್ದಾರೆ. ಅವರ ಕಿವಿಯನ್ನು ಗೌರವಿಸಿ, ಗೇಜನ್ನು ನಂಬಿ.

ಸಿಡಿಐ ಗಾಡಿಯಲ್ಲಿ ಪಾಯಿಂಟಿನ ಗೋಳಿಲ್ಲ. ಓಡುತ್ತಿರುವ ಇನ್ನೊಂದು ಗಾಡಿಯ ಸಿಡಿಐ ಪೆಟ್ಟಿಗೆಯನ್ನು ಸ್ವಲ್ಪ ಹೊತ್ತು ಎರವಲು ಪಡೆದು ಹಾಕಿ ನೋಡುವುದೇ ಸುಲಭದ ಪರೀಕ್ಷೆ.

ಹಂತ 3: ಬಿಸಿಯಾದ ಮೇಲೆ ನಿಲ್ಲುವ ಗಾಡಿ

ಬೆಳಿಗ್ಗೆ ಒಂದೇ ಕಿಕ್ಕಿಗೆ ಎದ್ದು, ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ನಿಂತು, ಕಾಲು ಗಂಟೆ ಬಿಟ್ಟು ಮತ್ತೆ ಎದ್ದೇಳುವ ಗಾಡಿಗಳಿವೆ. ಇದಕ್ಕೆ ಸಾಮಾನ್ಯವಾಗಿ ಮೂರು ಕಾರಣ: ಕಂಡೆನ್ಸರ್, ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಇಗ್ನಿಶನ್ ಕಾಯಿಲ್, ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ. ಮನೆಗೆ ತಂದು ಪರೀಕ್ಷಿಸಿದರೆ ಏನೂ ಸಿಗುವುದಿಲ್ಲ, ಅಷ್ಟರಲ್ಲಿ ಎಲ್ಲವೂ ತಣ್ಣಗಾಗಿರುತ್ತದೆ. ನಿಂತ ಜಾಗದಲ್ಲೇ ನೋಡಬೇಕು.

ಮೊದಲು ಟ್ಯಾಂಕಿನ ಮುಚ್ಚಳ ತೆಗೆಯಿರಿ. ಉಸ್ ಎಂದು ಗಾಳಿ ಒಳಗೆ ಹೋದ ಸದ್ದಾಗಿ ಗಾಡಿ ಎದ್ದರೆ ರಂಧ್ರ ಕಟ್ಟಿಕೊಂಡಿದೆ. ಇದು ದುಡ್ಡಿಲ್ಲದೆ ಬಗೆಹರಿಯುವ ದೋಷ. ಎದ್ದೇಳದಿದ್ದರೆ ಅಲ್ಲೇ ಕಿಡಿ ನೋಡಿ. ಕಿಡಿ ಇಲ್ಲದಿದ್ದರೆ ಮೊದಲು ಕಂಡೆನ್ಸರ್ ಬದಲಿಸಿ, ಆಮೇಲೆ ಕಾಯಿಲ್. ಕಂಡೆನ್ಸರ್ ಅಗ್ಗ. ಮ್ಯಾಗ್ನೆಟ್ ಕವರಿನೊಳಗಿನ ಬಿಸಿ ಅದನ್ನು ಬೇಗ ಕೊಲ್ಲುವುದರಿಂದ, ಅದನ್ನು ಹೊರತಂದು ಕಾಯಿಲ್ ಪಕ್ಕದಲ್ಲಿ ಕೂರಿಸುವುದು ಒಳ್ಳೆಯ ಉಪಾಯ. ಈಗ ಅಂಗಡಿಯಲ್ಲಿ ಸಿಗುವ ಹೊಸ ಕಂಡೆನ್ಸರುಗಳ ಗುಣಮಟ್ಟ ಒಂದೇ ತೆರನಾಗಿಲ್ಲ, ಎರಡು ಕೊಂಡು ಒಂದನ್ನು ಜೊತೆಯಲ್ಲಿಟ್ಟುಕೊಳ್ಳಿ.

ಹಂತ 4: ಕ್ರ್ಯಾಂಕ್ ಸೀಲುಗಳು

ಇಲ್ಲಿ ನಿಧಾನಿಸೋಣ, ರೋಡ್‌ಕಿಂಗ್‌ನ ಅರ್ಧ ಕಷ್ಟಗಳ ಬೇರು ಇಲ್ಲಿದೆ. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಮೊದಲು ಹೋಗುವುದು ಕ್ರ್ಯಾಂಕ್ ಕೋಣೆಗೆ. ಪಿಸ್ಟನ್ ಏರಿದಾಗ ಅಲ್ಲಿ ಎಳೆತ, ಇಳಿದಾಗ ಒತ್ತಡ. ಕ್ರ್ಯಾಂಕಿನ ಎರಡೂ ತುದಿಗಳಲ್ಲಿ ರಬ್ಬರ್ ಸೀಲುಗಳಿವೆ. ಅವು ಗಟ್ಟಿಯಾದರೆ, ಹರಿದರೆ, ಕೋಣೆ ಬೇಡದ್ದನ್ನು ಒಳಗೆಳೆಯುತ್ತದೆ. ಯಾವ ಕಡೆಯ ಸೀಲ್ ಹೋಗಿದೆ ಎಂಬುದರ ಮೇಲೆ ಲಕ್ಷಣ ಬೇರೆಯಾಗುತ್ತದೆ.

ಪ್ರೈಮರಿ ಚೈನ್ (ಎಂಜಿನ್ನಿನಿಂದ ಕ್ಲಚ್ಚಿಗೆ ಹೋಗುವ ಚೈನ್) ಇರುವ ಕಡೆಯ ಸೀಲ್ ಹೋದರೆ ಎಂಜಿನ್ ಗೇರ್ ಆಯಿಲ್ ಕುಡಿಯತೊಡಗುತ್ತದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲುವುದಿಲ್ಲ, ಪ್ಲಗ್ ಪದೇ ಪದೇ ಒದ್ದೆಯಾಗುತ್ತದೆ, ನೆಲದ ಮೇಲೆ ಒಂದು ಹನಿಯೂ ಸೋರದೆ ಗೇರ್ ಆಯಿಲ್ ಮಟ್ಟ ಇಳಿಯುತ್ತದೆ. ಇದನ್ನು ಕಂಡು ಪೆಟ್ರೋಲಿಗೆ ಹಾಕುವ ಆಯಿಲ್ ಕಡಿಮೆ ಮಾಡುವವರಿದ್ದಾರೆ. ಹೊಗೆ ಹಾಗೇ ಇರುತ್ತದೆ, ಪಿಸ್ಟನ್ ಮಾತ್ರ ಹೋಗುತ್ತದೆ.

ಪಾಯಿಂಟ್ ಕಡೆಯ ಸೀಲ್ ಹೋದರೆ ಒಳಗೆ ಬರುವುದು ಬರಿ ಗಾಳಿ. ಐಡಲ್ ತಾನಾಗಿ ಏರುತ್ತದೆ, ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುವುದಿಲ್ಲ, ಆಕ್ಸಲರೇಟರ್ ಬಿಟ್ಟರೂ ವೇಗ ಇಳಿಯಲು ತಡವಾಗುತ್ತದೆ, ಪ್ಲಗ್ ಬಿಳಿಚಿಕೊಳ್ಳುತ್ತದೆ. ಕಾರ್ಬೊರೇಟರ್ ಸ್ಕ್ರೂಗಳನ್ನು ವಾರಕ್ಕೊಮ್ಮೆ ತಿರುಗಿಸಬೇಕಾಗಿ ಬರುತ್ತಿದೆ ಎಂದರೆ ಈ ಸೀಲನ್ನೇ ಸಂಶಯಿಸಿ.

ಊಹೆ ಬೇಡವೆಂದರೆ ಒತ್ತಡ ಪರೀಕ್ಷೆ ಮಾಡಿ. ಕಾರ್ಬೊರೇಟರ್ ಬಿಚ್ಚಿ ಅದರ ಜಾಗಕ್ಕೆ ಹಳೆಯ ಟ್ಯೂಬಿನ ರಬ್ಬರ್ ತುಂಡು ಮತ್ತು ಲೋಹದ ತಗಡಿಟ್ಟು ಬಿಗಿಯಿರಿ. ಎರಡೂ ಸೈಲೆನ್ಸರ್ ಪೈಪುಗಳನ್ನು ಬಿಚ್ಚಿ ಆ ಬಾಯಿಗಳನ್ನು ರಬ್ಬರ್ ಬಿರಡೆಯಿಂದ ಮುಚ್ಚಿ. ಹಳೆಯ ಪ್ಲಗ್ಗೊಂದರ ಪಿಂಗಾಣಿ ತೆಗೆಸಿ, ಅದಕ್ಕೆ ಟ್ಯೂಬಿನ ವಾಲ್ವ್ ಬೆಸುಗೆ ಹಾಕಿಸಿ. ಯಾವ ಲೇತ್ ಅಂಗಡಿಯಲ್ಲೂ ಮಾಡಿಕೊಡುತ್ತಾರೆ. ಪಿಸ್ಟನ್ನನ್ನು ಕೆಳಗಿಳಿಸಿ, ಮೀಟರ್ ಇರುವ ಸೈಕಲ್ ಪಂಪಿನಿಂದ 6 ಪಿಎಸ್ಐ ಗಾಳಿ ತುಂಬಿ. ಅದಕ್ಕಿಂತ ತೀರಾ ಹೆಚ್ಚಿಸಿದರೆ ಚೆನ್ನಾಗಿರುವ ಸೀಲುಗಳೂ ಎದ್ದುಬರಬಹುದು. ನಿಮಿಷಕ್ಕೆ 1 ಪಿಎಸ್ಐಗಿಂತ ಹೆಚ್ಚು ಇಳಿದರೆ ಸೋರಿಕೆ ಇದೆ. ಸೋಪಿನ ನೀರನ್ನು ಸಿಲಿಂಡರ್ ಬುಡದ ಗ್ಯಾಸ್ಕೆಟ್, ಹೆಡ್, ಕ್ರ್ಯಾಂಕ್ ಕೇಸಿನ ಜೋಡಣೆಯ ಉದ್ದಕ್ಕೂ ಹಚ್ಚಿ ಗುಳ್ಳೆ ಹುಡುಕಿ. ಗೇರ್ ಆಯಿಲ್ ತುಂಬುವ ತೂತಿನಿಂದ ಗಾಳಿ ಬುಸುಗುಟ್ಟಿದರೆ ಪ್ರೈಮರಿ ಕಡೆಯ ಸೀಲ್ ಹೋಗಿದೆ. ಮ್ಯಾಗ್ನೆಟ್ ಹಿಂದೆ ಗುಳ್ಳೆ ಬಂದರೆ ಆ ಕಡೆಯದು.

ಸೀಲ್ ಬದಲಿಸುವಾಗ ಹಳೆಯದು ಯಾವ ಮುಖವಾಗಿ ಕೂತಿತ್ತೆಂದು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಕ್ರ್ಯಾಂಕನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ ನೋಡಿ. ಅಲುಗಿದರೆ ಮೇನ್ ಬೇರಿಂಗ್ ಸವೆದಿದೆ, ಅದನ್ನು ಬಿಟ್ಟು ಬರಿ ಸೀಲ್ ಹಾಕುವುದು ದುಡ್ಡು ದಂಡ. ಈಗಿನ ಎಥನಾಲ್ ಬೆರೆತ ಪೆಟ್ರೋಲಿಗೆ ತಾಳುವ ವೈಟಾನ್ ಸೀಲುಗಳು ಸಿಕ್ಕರೆ ಅವನ್ನೇ ಹಾಕಿಸಿ. ಪ್ರೈಮರಿ ಕಡೆಯ ಕೆಲಸ ಮೊದಲ ಸಲ ಮಾಡುವವರು ಒಬ್ಬರೇ ಕೂರಬೇಡಿ. ಮೈಸೂರಿನ ಹಳೆಯ ಮೊಹಲ್ಲಾಗಳಲ್ಲಿ ಈ ಎಂಜಿನ್ ಬಲ್ಲ ಹಿರಿಯ ಮೆಕ್ಯಾನಿಕ್‌ಗಳು ಇನ್ನೂ ಇದ್ದಾರೆ, ಒಂದು ಭಾನುವಾರ ಅವರ ಪಕ್ಕ ಕೂತು ಕಲಿಯುವುದು ಮೇಲು.

ಹಂತ 5: ಟ್ಯಾಂಕ್, ಪೆಟ್ರೋಲ್, ಆಯಿಲ್

ಬಂಕುಗಳಲ್ಲಿ ಈಗ ಸಿಗುವುದು ಶೇ. 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಮಂಡ್ಯದ ಕಬ್ಬಿಗೆ ಅದು ಒಳ್ಳೆಯ ಸುದ್ದಿ ಇರಬಹುದು, 1985ರ ರಬ್ಬರ್ ವಾಷರಿಗೆ ಅಲ್ಲ. ಎಥನಾಲ್ ನೀರನ್ನು ಹೀರುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ಮೆತ್ತಗೆ ಮಾಡುತ್ತದೆ, ಪೆಟ್ರೋಲ್ ಕಾಕಿನ ಕಾರ್ಕ್ ವಾಷರನ್ನು ಹಾಳುಮಾಡುತ್ತದೆ. ಪೈಪ್ ಮತ್ತು ವಾಷರುಗಳನ್ನು ಒಮ್ಮೆ ಪೂರ್ತಿ ಬದಲಿಸಿ. ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವುದಾದರೆ ಕಾಕ್ ಮುಚ್ಚಿ, ಕಾರ್ಬೊರೇಟರಿನ ತೊಟ್ಟಿ ಖಾಲಿಯಾಗುವವರೆಗೆ ಎಂಜಿನ್ ಓಡಿಸಿ ಆರಿಸಿ.

ಟ್ಯಾಂಕಿನೊಳಗೆ ತುಕ್ಕಿದ್ದರೆ ಸಿಟ್ರಿಕ್ ಆಮ್ಲದ ನೀರು ತುಂಬಿ ಒಂದು ರಾತ್ರಿ ಬಿಡಿ. ಆಮೇಲೆ ಅಡುಗೆ ಸೋಡಾ ಕರಗಿಸಿದ ನೀರಿನಿಂದ ತೊಳೆದು, ಬಿಸಿಲಿಗಿಟ್ಟು, ಒಣಗಿದ ತಕ್ಷಣ ಆಯಿಲ್ ಬೆರೆತ ಪೆಟ್ರೋಲನ್ನು ಒಳಗೆಲ್ಲ ಸವರುವಂತೆ ತಿರುಗಿಸಿ. ತಡಮಾಡಿದರೆ ಹೊಸ ತುಕ್ಕು ಬರುತ್ತದೆ.

ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಒಳ್ಳೆಯ 2ಟಿ (ಎರಡು ಸ್ಟ್ರೋಕಿನ ಎಂಜಿನ್ನಿನ) ಆಯಿಲ್, ಜಪಾನಿನ ಮಾನದಂಡವಾದ ಜಾಸೊ ಎಫ್‌ಸಿ ದರ್ಜೆಯದು. ಹೊಸದಾಗಿ ಬೋರ್ ಮಾಡಿಸಿದ್ದರೆ ಮೊದಲ ಕೆಲವು ಟ್ಯಾಂಕುಗಳಿಗೆ 50 ಮಿ.ಲೀ. ಪ್ರತ್ಯೇಕ ಕ್ಯಾನಿನಲ್ಲಿ ಬೆರೆಸಿ ಸುರಿಯಿರಿ. ಟ್ಯಾಂಕಿಗೆ ಆಯಿಲ್ ಸುರಿದು ಗಾಡಿಯನ್ನು ಅತ್ತಿತ್ತ ಅಲುಗಾಡಿಸಿದರೆ ಆಯಿಲ್ ತಳದಲ್ಲೇ ಕೂರುತ್ತದೆ. ಆಯಿಲ್ ಜಾಸ್ತಿ ಹಾಕಿದಷ್ಟೂ ಎಂಜಿನ್ನಿಗೆ ಕ್ಷೇಮ ಎಂಬ ನಂಬಿಕೆಯೂ ತಪ್ಪು. ಅದೇ ಜೆಟ್ಟಿನಲ್ಲಿ ಆಯಿಲ್ ಹೆಚ್ಚಾದರೆ ಪೆಟ್ರೋಲ್ ಕಡಿಮೆಯಾಗುತ್ತದೆ, ಮಿಶ್ರಣ ಬಡವಾಗುತ್ತದೆ.

ಹಂತ 6: ಈಗ ಕಾರ್ಬೊರೇಟರ್

ಹಳೆಯ ಗಾಡಿಗಳಲ್ಲಿ ಜಿಕೋವ್ ಕಂಪನಿಯ ಕಾರ್ಬೊರೇಟರ್, ಅನೇಕ ಗಾಡಿಗಳಲ್ಲಿ ಮಿಕುನಿ ಮಾದರಿಯದು ಇರುತ್ತದೆ. ಯಾವುದೇ ಇರಲಿ, ತೊಂದರೆ ಆಕ್ಸಲರೇಟರಿನ ಯಾವ ಭಾಗದಲ್ಲಿ ಬರುತ್ತದೆ ಎಂಬುದನ್ನು ಗಮನಿಸಿ. ಐಡಲ್‌ನಿಂದ ಕಾಲು ಭಾಗದವರೆಗೆ ಎಡವಿದರೆ ಪೈಲಟ್ ಜೆಟ್ ಮತ್ತು ಗಾಳಿಯ ಸ್ಕ್ರೂ. ನಡುವೆ ಎಡವಿದರೆ ಸೂಜಿ. ಪೂರ್ತಿ ತಿರುಗಿಸಿದಾಗ ಉಸಿರುಗಟ್ಟಿದರೆ ಮೇನ್ ಜೆಟ್. ನಿಂತಲ್ಲೇ ಪೆಟ್ರೋಲ್ ಸುರಿದರೆ ಫ್ಲೋಟ್ (ತೊಟ್ಟಿಯಲ್ಲಿ ತೇಲಿ ಪೆಟ್ರೋಲ್ ಮಟ್ಟ ಕಾಯುವ ಬುಂಡೆ) ಮತ್ತು ಅದರ ಸೂಜಿ.

ಜೆಟ್ಟಿನೊಳಗೆ ತಂತಿ ತೂರಿಸಬೇಡಿ, ತೂತು ಅಗಲವಾಗುತ್ತದೆ. ಕ್ಲೀನರ್ ಸಿಂಪಡಿಸಿ ಗಾಳಿಯಿಂದ ಊದಿ. ಗಾಳಿಯ ಸ್ಕ್ರೂವನ್ನು ಮೆಲ್ಲಗೆ ತಳ ಮುಟ್ಟಿಸಿ ಒಂದೂವರೆ ಸುತ್ತು ಹೊರಗೆ ತಂದು, ಎಂಜಿನ್ ಬಿಸಿಯಾದ ಮೇಲೆ ಅಲ್ಲಿಂದ ಹೊಂದಿಸಿ. ಎಂಜಿನ್ನಿಗೆ ಕೂರುವ ಫ್ಲ್ಯಾಂಜ್ ಮುಖವನ್ನು ಗಾಜಿನ ಹಲಗೆಯ ಮೇಲಿಟ್ಟು ನೋಡಿ: ವರ್ಷಗಟ್ಟಲೆ ವಿಪರೀತ ಬಿಗಿದವರ ದೆಸೆಯಿಂದ ಅದು ಬಾಗಿರುವುದು ಸಾಮಾನ್ಯ. ಗಾಜಿನ ಮೇಲೆ ಎಮರಿ ಕಾಗದ ಹಾಸಿ ಉಜ್ಜಿದರೆ ಸಮವಾಗುತ್ತದೆ. ಎಥನಾಲ್ ಪೆಟ್ರೋಲಿಗೆ ಸ್ವಲ್ಪ ಹೆಚ್ಚು ಇಂಧನ ಬೇಕಾದ್ದರಿಂದ, ಪ್ಲಗ್ ಬಿಳಿಚಿಕೊಂಡಿದ್ದರೆ ಸೂಜಿಯನ್ನು ಒಂದು ಮೆಟ್ಟಿಲು ಮೇಲೇರಿಸಿ ಅಥವಾ ಮೇನ್ ಜೆಟ್ ಒಂದು ಅಳತೆ ದೊಡ್ಡದು ಹಾಕಿ. ಸೋರಿಕೆ ಇಲ್ಲವೆಂದು ಹಂತ 4ರಲ್ಲಿ ಖಚಿತವಾಗಿದ್ದರೆ ಮಾತ್ರ.

ಹಂತ 7: ಸೈಲೆನ್ಸರ್ ಮತ್ತು ಉಳಿದವು

ಪ್ರತಿ ಗೇರಿನಲ್ಲೂ ಗಾಡಿ ಭಾರವಾಗಿ ಎಳೆಯುತ್ತಿದ್ದರೆ ಎಕ್ಸಾಸ್ಟ್ ಬಾಯಿ ಮತ್ತು ಸೈಲೆನ್ಸರಿನೊಳಗೆ ಸದ್ದು ತಗ್ಗಿಸುವ ಬಾಫಲ್‌ಗಳಲ್ಲಿ ಕಾರ್ಬನ್ ಕಟ್ಟಿರುತ್ತದೆ. ಪಿಸ್ಟನ್ನನ್ನು ಪೂರ್ತಿ ಕೆಳಗಿಳಿಸಿ, ಬಾಯಿಯಲ್ಲಿನ ಕಾರ್ಬನ್ನನ್ನು ಮರದ ಅಥವಾ ಹಿತ್ತಾಳೆಯ ಕಡ್ಡಿಯಿಂದ ಕೆರೆದು, ಚೂರುಗಳನ್ನು ಪೂರ್ತಿ ಹೊರತೆಗೆಯಿರಿ. ಬಾಫಲ್‌ಗಳನ್ನು ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಸಬಹುದು, ಕೈಗವಸು ಮತ್ತು ಕನ್ನಡಕ ಹಾಕಿಕೊಂಡು. ಅದೇ ನೀರಿಗೆ ಅಲ್ಯೂಮಿನಿಯಂ ಭಾಗ ಹಾಕಿದರೆ ಕರಗಿಹೋಗುತ್ತದೆ. ಸದ್ದಿಗಾಗಿ ಬಾಫಲ್ ಕಿತ್ತೆಸೆಯುವವರು ಎಂಜಿನ್ನಿನ ಎಳೆತವನ್ನೂ ಕಳೆದುಕೊಳ್ಳುತ್ತಾರೆ, ಪೊಲೀಸರಿಗೆ ದಂಡವನ್ನೂ ಕಟ್ಟುತ್ತಾರೆ.

ಗೇರ್ ಲಿವರ್ ಒತ್ತಿದಾಗ ಕ್ಲಚ್ ತಾನಾಗಿ ಬಿಡಿಸಿಕೊಳ್ಳುವ ಏರ್ಪಾಡು ಈ ಗಾಡಿಯ ವಿಶೇಷ. ಗೇರ್ ಬೀಳುವಾಗ ಗಾಡಿ ಜಿಗಿದರೆ ಗೇರ್ ಬಾಕ್ಸ್ ಬಿಚ್ಚಿಸುವ ಮೊದಲು ಕ್ಲಚ್ ಹೊಂದಾಣಿಕೆಯ ಸ್ಕ್ರೂ ನೋಡಿಸಿ. ಬ್ರೇಕ್ ಡ್ರಮ್ಮಿನ ಧೂಳನ್ನು ಬಾಯಿಂದ ಊದಬೇಡಿ, ಹಳೆಯ ಲೈನಿಂಗ್‌ನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ಅದು ತಯಾರಾದ ವಾರ, ಕೊನೆಯೆರಡು ವರ್ಷ. ಮೇಲ್ಮೈ ಸವೆಯದ ಹದಿನೈದು ವರ್ಷದ ಟೈರನ್ನು ನೋಡಿ ಹಿಗ್ಗಬೇಡಿ, ಬದಲಿಸಿ.

ರಸ್ತೆಗಿಳಿಸಿ ನೋಡುವುದು

ಚಾಮುಂಡಿ ಬೆಟ್ಟದ ರಸ್ತೆ ಒಳ್ಳೆಯ ಪರೀಕ್ಷೆ. ಹತ್ತುವಾಗ ಬಿಸಿ, ಕಿಡಿ, ಕ್ಲಚ್ ಮೂರೂ ಬಯಲಾಗುತ್ತವೆ. ಇಳಿಯುವಾಗ ಇನ್ನೂ ಎಚ್ಚರ ಬೇಕು. ಈ ಎಂಜಿನ್ನಿಗೆ ಆಯಿಲ್ ಸಿಗುವುದು ಪೆಟ್ರೋಲಿನ ಜೊತೆಯಲ್ಲಿ; ಆಕ್ಸಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಉದ್ದಕ್ಕೂ ಇಳಿದರೆ ಪಿಸ್ಟನ್ನಿಗೆ ಆಯಿಲ್ ತಲುಪುವುದಿಲ್ಲ. ನಡುನಡುವೆ ಕ್ಲಚ್ ಹಿಡಿದು ಸ್ವಲ್ಪ ಆಕ್ಸಲರೇಟರ್ ಕೊಡುತ್ತಿರಿ. ಓಡುತ್ತಿರುವಾಗ ಎಂಜಿನ್ನಿನ ಸದ್ದು ಬಿಗಿದಂತಾಗಿ ಎಳೆತ ಕುಸಿದರೆ ಆ ಕ್ಷಣವೇ ಕ್ಲಚ್ ಹಿಡಿಯಿರಿ.

ದೂರದ ಪರೀಕ್ಷೆಗೆ ಮಂಡ್ಯದವರೆಗೆ ಹೋಗಿಬರಬಹುದು, ಆದರೆ ಸರ್ವಿಸ್ ರಸ್ತೆಯಲ್ಲಿ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ, ನಾಲೆ ಏರಿಯ ಮಣ್ಣು ದಾರಿಗಳಲ್ಲಿ ಸುತ್ತಿದರೆ ಬಂದ ಮೇಲೆ ಏರ್ ಫಿಲ್ಟರ್ ತೆಗೆದು ಸ್ವಚ್ಛಗೊಳಿಸಿ. ಧೂಳು ಕಟ್ಟಿದ ಫಿಲ್ಟರ್ ಪ್ಲಗ್ಗನ್ನು ಕಪ್ಪಾಗಿಸಿ ಮತ್ತೆ ಕಾರ್ಬೊರೇಟರಿನ ಮೇಲೆ ಅನುಮಾನ ತರಿಸುತ್ತದೆ.

ಕಾಗದಪತ್ರದ ವಿಷಯ: ಮೊದಲ 15 ವರ್ಷಗಳ ನಂತರ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು, ಅದಕ್ಕೆ ಎಂಜಿನ್ ಮತ್ತು ಚಾಸಿ ಸಂಖ್ಯೆಗಳು ಆರ್‌ಸಿಯೊಂದಿಗೆ ತಾಳೆಯಾಗಬೇಕು. ಗಾಡಿ ಕೊಳ್ಳುವವರು ಬಣ್ಣ ನೋಡುವ ಮೊದಲು ಈ ಎರಡು ಸಂಖ್ಯೆ ನೋಡಲಿ. 50 ವರ್ಷ ದಾಟಿದ ಗಾಡಿಗಳಿಗೆ 2021ರ ನಿಯಮಗಳಂತೆ 'ವಿಎ' ಸರಣಿಯ ವಿಂಟೇಜ್ ನೋಂದಣಿ ಸಿಗುತ್ತದೆ, ಆದರೆ ಅಂಥ ಗಾಡಿಯನ್ನು ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ. ಓಡಿಸುವ ಆಸೆ ಇರುವವರು ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಳ್ಳಲಿ.

ಹೊರಡುವಾಗ ಸೀಟಿನ ಕೆಳಗೆ ಇಷ್ಟಿರಲಿ: ಹೊಸ ಪ್ಲಗ್ ಮತ್ತು ಅದರ ಸ್ಪ್ಯಾನರ್, ಕಂಡೆನ್ಸರ್, ಕ್ಲಚ್ ಕೇಬಲ್, ಫ್ಯೂಸ್, ಒಂದು ಮೊಳ ತಂತಿ, ಫೀಲರ್ ಗೇಜ್, ಒಂದು ಟ್ಯಾಂಕಿಗೆ ಸಾಲುವಷ್ಟು 2ಟಿ ಆಯಿಲ್. ಅದನ್ನು ಈಗ ಎಲ್ಲ ಬಂಕುಗಳಲ್ಲೂ ಇಡುವುದಿಲ್ಲ.